ಹೋರಾಟದ ಕಥಿ ರೇಡಿಯೋದಾಗ ಹೇಳಂಗಿಲ್ಲಂತ, ಹೌದೇನ್ರಿ?

ಕೊಪ್ಪಳ ಕಡೆಯ ಒಬ್ಬ ಹುಡುಗನ ಪ್ರಶ್ನೆ. ಅವನ ಮಾತಿನಲ್ಲೇ ಕೊಡುತ್ತೇನೆ.

"ಸರ, ನಮ್ಮೂರ ಹೋಟೆಲ್‌ನ್ಯಾಗ ನಮ್ಮ ಕೇರಿಯವರಿಗೆ ಬ್ಯಾರೆ ಲೋಟ ಇಡ್ತಿದ್ರು. ನಮ್ಮಪ್ಪ, ಇನ್ನೊಂದ್ ನಾಕ್ ಮಂದಿ ಕೂಡಿ ಅದನ್ನ ಬಿಡಿಸಿದ್ರು. ಅದನ್ನ ಕಥಿ ಮಾಡಿ ಸಮುದಾಯ ರೇಡಿಯೋಕ್ಕ ಕೊಡಬೇಕಂತ ಮಾಡೀನಿ. ಆದ್ರ ರೇಡಿಯೋದಾಗ ಹೋರಾಟ, ಜಾತಿ ವಿಷಯ ಹೇಳಂಗಿಲ್ಲ, ಲೈಸೆನ್ಸ್ ಹೋಗ್ತತಿ ಅಂತಾರ. ಹೌದೇನ್ರಿ?"

ಅಲ್ಲ. ಧಾರಾಳವಾಗಿ ಹೇಳಬಹುದು. ಉತ್ತರ ಮುಗಿಯಿತು.

ಮುಗಿಯಬೇಕಿತ್ತು. ಆದರೆ ರಾಯಚೂರಿನಲ್ಲಿ ತರಬೇತಿ ಕೊಡುವಾಗ ಇದೇ ಪ್ರಶ್ನೆ, ಸಿರುಗುಪ್ಪದಲ್ಲಿ ಇದೇ ಪ್ರಶ್ನೆ. ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಾ ನಿಂತಾಗಲೂ ಯಾರೋ ಬಂದು ಇದನ್ನೇ ಕೇಳಿದರು. ಹೇಳಿ ಹೇಳಿ ಬಾಯಿ ಒಣಗಿದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಈ ಮಾತು ಎಲ್ಲಿಂದ ಹುಟ್ಟಿತು ಅಂತ ಮೊದಲು ನೋಡೋಣ. ಸುಳ್ಳಿನ ಬುಡದಲ್ಲಿ ಒಂದು ಚೂರು ನಿಜ ಇರುತ್ತದಲ್ಲ, ಹಾಗೆ ಇಲ್ಲೂ ಇದೆ. ಖಾಸಗಿ ಎಫ್‌ಎಂ ಆಗಲಿ, ಊರಿನ ಜನ ಸೇರಿ ತಮ್ಮ ಸುತ್ತಮುತ್ತಲಿನವರಿಗಾಗಿ ನಡೆಸುವ ಸಮುದಾಯ ರೇಡಿಯೋ ಆಗಲಿ, ತಾವೇ ಸುದ್ದಿ ತಯಾರಿಸಿ ಓದುವ ಹಾಗಿಲ್ಲ. ಅದು ನಿಜ. ಸರ್ಕಾರದ ಸಮುದಾಯ ರೇಡಿಯೋ ಮಾರ್ಗಸೂಚಿಯಲ್ಲಿ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯದ ಕಾರ್ಯಕ್ರಮ ಬೇಡ ಅಂತ ಇದೆ. ನಮ್ಮವರು ಅಷ್ಟು ಓದಿ ಪುಸ್ತಕ ಮುಚ್ಚಿದರು. ಪ್ರಚಲಿತ ವಿದ್ಯಮಾನ ಅನ್ನುವುದು ಬಾಯಿಂದ ಬಾಯಿಗೆ ಹೋಗಿ "ಗಲಾಟೆ ವಿಷಯ" ಆಯಿತು. ಗಲಾಟೆ ವಿಷಯ ಅನ್ನುವುದು "ಜಾತಿ ವಿಷಯ" ಆಯಿತು. ಕೊನೆಗೆ ಸಂವಿಧಾನದ 17ನೇ ವಿಧಿ ಅಂತ ಮೈಕಿನಲ್ಲಿ ಹೇಳುವುದಕ್ಕೂ ಹೆದರುವ ಹುಡುಗರು ನನ್ನ ಮುಂದೆ ಕೂತಿದ್ದಾರೆ. ಅಸ್ಪೃಶ್ಯತೆ ನಿಷೇಧಿಸುವ ವಿಧಿಯನ್ನು ಓದುವುದೇ ನಿಷೇಧ ಅಂದರೆ ನಗಬೇಕೋ ಅಳಬೇಕೋ!

ಅದೇ ಮಾರ್ಗಸೂಚಿಯ ಬೇರೆ ಸಾಲುಗಳನ್ನೂ ಓದಿ. ಕಾರ್ಯಕ್ರಮ ಅಲ್ಲಿನ ಜನರ ಅಗತ್ಯಕ್ಕೆ ತಕ್ಕಂತೆ ಇರಬೇಕು. ಅಭಿವೃದ್ಧಿ, ಬೇಸಾಯ, ಆರೋಗ್ಯ, ಶಿಕ್ಷಣ, ಪರಿಸರ, ಸಮಾಜ ಕಲ್ಯಾಣ, ಸಂಸ್ಕೃತಿ, ಇವುಗಳ ಕಡೆ ಒತ್ತು ಇರಬೇಕು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಊರಿನ ಜನ ಕೂಡಿಯೇ ಮಾಡಿದ್ದಾಗಿರಬೇಕು. ಆದಷ್ಟು ಅಲ್ಲಿನ ಆಡುಮಾತಿನಲ್ಲೇ ಇರಬೇಕು. ಈಗ ಹೇಳಿ. ಕೇರಿಯ ನಾಲ್ಕು ಜನ ಕೂಡಿ ಹೋಟೆಲಿನ ಲೋಟ ಒಂದು ಮಾಡಿದ ಕಥೆ, ಅದೂ ಆ ಊರಿನ ಮಾತಿನಲ್ಲಿ, ಆ ಊರಿನ ಜನರ ಬಾಯಿಂದಲೇ. ಇದಕ್ಕಿಂತ ಸರಿಯಾಗಿ ಈ ಮಾರ್ಗಸೂಚಿಗೆ ಹೊಂದುವ ಕಾರ್ಯಕ್ರಮ ಬೇರೆ ಯಾವುದು? ಬೆಳಗ್ಗೆಯಿಂದ ಸಂಜೆವರೆಗೆ ಸಿನಿಮಾ ಹಾಡು ಹಾಕುವ ಕೇಂದ್ರದವರು ಹೆದರಬೇಕು, ನೀವಲ್ಲ.

"ಹಾಗಾದ್ರ ಸುದ್ದಿಗೂ ಕಥಿಗೂ ಫರಕು ಏನ್ರಿ?" ಇದು ಮುಂದಿನ ಪ್ರಶ್ನೆ. ಇದೂ ಗೊತ್ತು.

ನಿನ್ನೆ ತಹಶೀಲ್ದಾರ್ ಆಫೀಸಿನ ಮುಂದೆ ಧರಣಿ ನಡೆಯಿತು, ಇಂಥವರು ಮನವಿ ಕೊಟ್ಟರು, ಇಂಥ ಶಾಸಕರು ಭರವಸೆ ಕೊಟ್ಟರು. ಇದು ಸುದ್ದಿ. ಪತ್ರಿಕೆಯವರಿಗೆ ಬಿಡಿ. ಅದೇ ಧರಣಿಯಲ್ಲಿ ಕೂತ ಒಬ್ಬ ಪೌರಕಾರ್ಮಿಕ ಅಕ್ಕ ಬೆಳಗಿನ ಜಾವ ಎದ್ದು ಏನು ಮಾಡುತ್ತಾಳೆ, ಕೈಗವಸು ಕೊಡದ ದಿನ ಹೇಗೆ ಕೆಲಸ ಮಾಡುತ್ತಾಳೆ, ಮಗಳು ಶಾಲೆಯಲ್ಲಿ ಅಮ್ಮನ ಕೆಲಸದ ಬಗ್ಗೆ ಏನು ಹೇಳುತ್ತಾಳೆ. ಇದು ಕಥೆ. ಮುಂದಿನ ವರ್ಷ ಹಾಕಿದರೂ ಹಳಸುವುದಿಲ್ಲ. ನಾನು ತರಬೇತಿಯಲ್ಲಿ ಹೇಳುವ ಅಳತೆಗೋಲು ಇದೇ: ಆರು ತಿಂಗಳು ಬಿಟ್ಟು ಹಾಕಿದರೂ ನಡೆಯುತ್ತದಾ? ನಡೆದರೆ ಬಹುತೇಕ ಕಥೆ. ಕಾನೂನಿನ ಪುಸ್ತಕದಲ್ಲಿ ಈ ಅಳತೆಗೋಲು ಇಲ್ಲ. ನಾನು ಮಾಡಿಕೊಂಡದ್ದು. ಆದರೆ ಕೆಲಸಕ್ಕೆ ಬರುತ್ತದೆ.

ಕಷ್ಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದಾಳಿ ಆಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲು, ಕ್ಷೌರದ ಅಂಗಡಿಗೆ ದಲಿತರನ್ನು ಬಿಟ್ಟುಕೊಳ್ಳದ ವಿಚಾರ ಅದರ ಹಿಂದೆ ಇತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಆಮೇಲೆ ಹೈಕೋರ್ಟಿಗೆ ಹೋಯಿತು. ತೀರ್ಪಿನ ದಿನದ ವರದಿ ಸಮುದಾಯ ರೇಡಿಯೋದ ಕೆಲಸ ಅಲ್ಲ. ತೀರ್ಪು ಸರಿಯೋ ತಪ್ಪೋ ಅಂತ ಮೈಕಿನಲ್ಲಿ ಪಂಚಾಯ್ತಿ ಮಾಡುವುದೂ ಅಲ್ಲ. ನ್ಯಾಯಾಂಗ ನಿಂದನೆ ಆಗುವಂಥದ್ದು, ಒಂದು ಜಾತಿ ಧರ್ಮದ ಮೇಲೆ ಹರಿಹಾಯುವಂಥದ್ದು, ಹಿಂಸೆಗೆ ಕುಮ್ಮಕ್ಕು ಕೊಡುವಂಥದ್ದು ಯಾವ ರೇಡಿಯೋದಲ್ಲೂ ಬೇಡ. ಆದರೆ ಕ್ಷೌರಕ್ಕೆ ಅಂತ ಬೇರೆ ಊರಿಗೆ ಹೋಗಬೇಕಾದ ಒಬ್ಬ ಹುಡುಗನ ಭಾನುವಾರ ಹೇಗಿರುತ್ತದೆ? ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವುದು ಹೇಗೆ? ಸಾಕ್ಷಿ ಹೇಳಲು ಹೆದರಿಕೆ ಯಾಕೆ? ಇದನ್ನೆಲ್ಲ ಮಾಡಿ. ಯಾರೂ ಬೇಡ ಅನ್ನುವುದಿಲ್ಲ.

ಇಷ್ಟಾದ ಮೇಲೂ ಒಬ್ಬರು ಹಿಂದಿನ ಬೆಂಚಿನಿಂದ ಏಳುತ್ತಾರೆ. "ಆದರೂ ಸರ್, ರೇಡಿಯೋ ಅಂದ್ರೆ ಮನರಂಜನೆ ಅಲ್ವಾ? ಇಂಥಾದ್ದು ಯಾರೂ ಮಾಡಿಲ್ಲ."

ಯಾರೂ ಮಾಡಿಲ್ಲವಾ? 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಒಬ್ಬರು ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ, ಈ ಮೂರರಲ್ಲಿ ತನ್ನ ವಿಚಾರ ಎಲ್ಲ ಇದೆ, ಇದನ್ನು ಫ್ರಾನ್ಸಿನ ಕ್ರಾಂತಿಯಿಂದ ತಂದದ್ದಲ್ಲ, ಬುದ್ಧನಿಂದ ಕಲಿತದ್ದು ಅಂದರು. ಮಾತಾಡಿದವರು ಬಾಬಾಸಾಹೇಬ್ ಅಂಬೇಡ್ಕರ್. ಸರ್ಕಾರದ ರೇಡಿಯೋದಲ್ಲಿ, ಎಪ್ಪತ್ತು ವರ್ಷದ ಹಿಂದೆ. ಅವರಿಗೆ ಇಲ್ಲದ ಅಡ್ಡಿ ನಿಮ್ಮೂರಿನ 100 ವ್ಯಾಟಿನ ಕೇಂದ್ರಕ್ಕೆ ಎಲ್ಲಿಂದ ಬಂತು?

ಹತ್ತಿರದ್ದೇ ಬೇಕಾ? ಬೀದರ್ ಗಡಿ ದಾಟಿದರೆ ಜಹೀರಾಬಾದ್. ಅದರ ಪಕ್ಕ ಮಾಚನೂರು ಅನ್ನುವ ಹಳ್ಳಿ. ಅಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಶುರುವಾಯಿತು. ನಡೆಸುವವರು ದಲಿತ ಹೆಣ್ಣುಮಕ್ಕಳು. ಮುಖ್ಯವಾಗಿ ಹೊಣೆ ಹೊತ್ತ ಇಬ್ಬರ ಹೆಸರೂ ನರಸಮ್ಮ. ಗುರುತಿಗೆ ಒಬ್ಬರನ್ನು ಜನರಲ್ ನರಸಮ್ಮ, ಇನ್ನೊಬ್ಬರನ್ನು ಅಲ್ಗೋಲ್ ನರಸಮ್ಮ ಅನ್ನುತ್ತಾರೆ. ಲೈಸೆನ್ಸ್ ಸಿಗುವ ಮೊದಲೇ ವರ್ಷಗಟ್ಟಲೆ ರೆಕಾರ್ಡ್ ಮಾಡಿ, ಸಂಘದ ಸಭೆಗಳಲ್ಲಿ ಟೇಪ್ ಹಾಕಿ ಕೇಳಿಸುತ್ತಿದ್ದರು. ನಮ್ಮ ಕೋಲಾರದ ಬೂದಿಕೋಟೆಯಲ್ಲೂ ಹೀಗೇ. ಗಾಳಿಯಲ್ಲಿ ಬಿಡಲು ಅನುಮತಿ ಇಲ್ಲ ಅಂದಾಗ "ನಮ್ಮ ಧ್ವನಿ"ಯವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. 1995ರಲ್ಲೇ ಸುಪ್ರೀಂ ಕೋರ್ಟು ರೇಡಿಯೋ ತರಂಗ ಜನರ ಆಸ್ತಿ ಅಂದಿತ್ತು. ಆ ಆಸ್ತಿಯಲ್ಲಿ ಪಾಲು ಕೇಳಿದವರು ಇವರು. ನಾವು ಮಾತ್ರ ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಅಂತ ಇನ್ನೂ ಕೇಳುತ್ತಿದ್ದೇವೆ.

ನನಗೆ ಅನಿಸುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಲೈಸೆನ್ಸ್ ಹೋಗುತ್ತದೆ ಅನ್ನುವವರಲ್ಲಿ ಲೈಸೆನ್ಸ್ ಷರತ್ತು ಓದಿದವರು ನನಗೆ ಸಿಕ್ಕಿಲ್ಲ. ಅವರಿಗೆ ಇರುವ ಹೆದರಿಕೆ ದೆಹಲಿಯದ್ದಲ್ಲ, ಪಕ್ಕದ ಓಣಿಯದ್ದು. ಊರಿನ ದೊಡ್ಡವರು ಮುನಿಸಿಕೊಂಡರೆ ಜಾಹೀರಾತು ನಿಲ್ಲುತ್ತದೆ, ಎದುರು ಸಿಕ್ಕಾಗ ಮಾತು ಬಿಡುತ್ತಾರೆ ಅಂತ. ಅದು ನಿಜವಾದ ಕಷ್ಟವೇ. ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಿರಿ. ಸುಮ್ನೆ ಕಾನೂನಿನ ಮೇಲೆ ಯಾಕೆ ಹಾಕುತ್ತೀರಿ? ಒಂದು ಉಪಾಯ ಇದೆ: ಪ್ರಸಾರ ಆದ ಪ್ರತಿ ಕಾರ್ಯಕ್ರಮದ ರೆಕಾರ್ಡನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಅಂತ ಷರತ್ತು ಇದೆ. ಅದನ್ನು ಸರಿಯಾಗಿ ಪಾಲಿಸಿ. ಯಾರಾದರೂ ತಕರಾರು ತಂದರೆ ಕೂರಿಸಿ, ಚಾ ಕೊಟ್ಟು, ಕೇಳಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬಹಳ ಸಲ ಅವರು ಕಾರ್ಯಕ್ರಮ ಕೇಳಿಯೇ ಇರುವುದಿಲ್ಲ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲ್ ಸಾಕು. ಫ್ಯಾನ್ ಆರಿಸಿ. ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಮಾತು ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂತು ಆ ಜಾಗದ ಸದ್ದು ತೆಗೆದುಕೊಳ್ಳಿ. ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆ. ನನ್ನನ್ನು ಕೇಳಬೇಕಾದದ್ದು ಇದು. ಹೇಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹೇಳಿದವರಿಗೆ ಮಾರನೇ ದಿನ ಏನಾಗುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ.

ಹಲವು ವರ್ಷದ ಹಿಂದೆ ತುಂಗಭದ್ರೆ ದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮಾತು ರೆಕಾರ್ಡ್ ಮಾಡಿದೆ. ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡವರು, ಅಂದರೆ ದೇವದಾಸಿ ಬಿಟ್ಟವರು. ಮುತ್ತು ಕಟ್ಟುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಆ ಪದ್ಧತಿ ಒಂದೇ ಸಲಕ್ಕೆ ನಿಲ್ಲಲಿಲ್ಲ. ಅಜ್ಜಿ ಚೌಡಿಕೆ ಪದ ಹಾಡಿದರು, ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಂದೆ ಹೆಸರಿನ ಜಾಗದಲ್ಲಿ ಏನು ಬರೆಸಲಿ ಅಂತ ಮಾಸ್ತರರ ಮುಂದೆ ನಿಂತದ್ದನ್ನು ಹೇಳಿದರು. ನಾನು ಜಾಣತನ ಮಾಡಿದೆ ಅಂದುಕೊಂಡು ಹೆಸರು ತೆಗೆದೆ, ಊರಿನ ಹೆಸರು ತೆಗೆದೆ. "ಒಬ್ಬ ತಾಯಿ" ಅಂತ ಹಾಕಿದೆ.

ಪ್ರಸಾರ ಆದ ಮಾರನೇ ದಿನ ಮೊಮ್ಮಗನ ಫೋನು. "ಸರ, ಹೆಸರು ತಗದ್ರ ಏನಾತ್ರಿ? ನಮ್ಮಜ್ಜಿ ದನಿ ಸುತ್ತ ಹತ್ತು ಹಳ್ಳಿಗೆ ಗೊತ್ತೈತಿ."

ನನಗೆ ಹೊಳೆದೇ ಇರಲಿಲ್ಲ. ಟಿವಿಯಲ್ಲಿ ಮುಖ ಮಸುಕು ಮಾಡಿದರೆ ಬೆಂಗಳೂರಿನವರಿಗೆ ಗುರುತು ಸಿಗುವುದಿಲ್ಲ. ನಮ್ಮ ರೇಡಿಯೋ ಕೇಳುವುದು ಹತ್ತು ಹದಿನೈದು ಕಿಲೋಮೀಟರ್ ಸುತ್ತ. ಅಷ್ಟರೊಳಗೆ ಇರುವವರೆಲ್ಲ ಅವರ ಜೊತೆ ಸಂತೆ ಮಾಡಿದವರು, ಕಳೆ ಕೀಳಲು ಹೋದವರು, ಅವರ ಹಾಡು ಕೇಳಿದವರು. ಕೇಳುವವರು ಹತ್ತಿರದವರು ಅನ್ನುವುದು ಸಮುದಾಯ ರೇಡಿಯೋದ ಬಲ ಅಂತ ಪಾಠ ಮಾಡುತ್ತಿದ್ದವನು ನಾನೇ. ಅದು ಹೀಗೂ ತಿರುಗುತ್ತದೆ ಅಂತ ಮೊಮ್ಮಗ ಕಲಿಸಿದ.

ಅಜ್ಜಿಯ ಹತ್ತಿರ ಹೋದೆ. ಅವರಿಗೆ ನಾಚಿಕೆಯೇನೂ ಆಗಿರಲಿಲ್ಲ. ಸಿಟ್ಟು ಬೇರೆ ಕಾರಣಕ್ಕೆ ಇತ್ತು. "ಯಾವುದು ಇಟ್ಟಿ, ಯಾವುದು ಬಿಟ್ಟಿ ಅಂತ ನನಗ ಮೊದ್ಲ ಕೇಳಿಸಬೇಕಿಲ್ಲೇನು ತಮ್ಮಾ? ಹಾಡು ಅರ್ಧಕ್ಕ ಕಡದೀಯಲ್ಲ!"

ಅವತ್ತಿನಿಂದ ಎಡಿಟ್ ಆದದ್ದನ್ನು ಮಾತಾಡಿದವರಿಗೆ ಕೇಳಿಸದೆ ಪ್ರಸಾರಕ್ಕೆ ಕೊಟ್ಟಿಲ್ಲ. ಮನೆಯವರು ಜೊತೆಗೆ ಕೂತು ಕೇಳಿದರೆ ಇನ್ನೂ ಒಳ್ಳೆಯದು. ಬೇಡ ಅಂದರೆ ತೆಗೆಯುತ್ತೇನೆ, ಎಷ್ಟೇ ಚೆನ್ನಾಗಿ ಬಂದಿರಲಿ. ಗುರುತು ನಿಜವಾಗಲೂ ಮುಚ್ಚಬೇಕಾದರೆ ಆ ಮಾತನ್ನು ಇನ್ನೊಬ್ಬರಿಂದ ಹೇಳಿಸುತ್ತೇನೆ. ಮೊಬೈಲ್ ಆ್ಯಪಿನಲ್ಲಿ ದನಿ ದಪ್ಪ ಮಾಡುವುದು, ಕೀರಲು ಮಾಡುವುದು ಬೇಡ. ನೋವಿನ ಮಾತು ಕಾರ್ಟೂನಿನ ಹಾಗೆ ಕೇಳಿಸುತ್ತದೆ. ಲೈಂಗಿಕ ದೌರ್ಜನ್ಯದ ವಿಷಯ ಆದರೆ, ಮಕ್ಕಳ ವಿಷಯ ಆದರೆ, ಗುರುತು ಬಿಟ್ಟುಕೊಡುವುದೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ, ಪೋಕ್ಸೋ ಕಾಯ್ದೆಯ 23 ಇದೆ. ಕಾನೂನಿಗೆ ಹೆದರಲೇಬೇಕು ಅಂತಿದ್ದರೆ ಇಲ್ಲಿ ಹೆದರಿ.

ನಿನ್ನ ಕಥೆಗೆ ಬರುತ್ತೇನೆ ತಮ್ಮಾ. ನಿಮ್ಮಪ್ಪನ ಜೊತೆ ನಿಂತ ಆ ನಾಲ್ಕು ಮಂದಿಯನ್ನೂ ಹುಡುಕು. ಅಪ್ಪನ ಹತ್ತಿರ ಮೊದಲೇ ಕೇಳಿಕೋ, ಯಾವುದು ಹೇಳಬಹುದು, ಯಾವುದು ಬೇಡ ಅಂತ. "ಬೇರೆ ಲೋಟ" ಅಂತ ಹತ್ತು ಸಲ ಹೇಳಿಸಬೇಡ. ಆ ಲೋಟ ಎಲ್ಲಿ ಇಡುತ್ತಿದ್ದರು, ಗೂಡಿನಲ್ಲೋ ಗೋಡೆಯ ಮೊಳೆಗೋ, ಯಾರು ತೊಳೆಯಬೇಕಿತ್ತು, ಅದನ್ನು ಕೇಳು. ಮೊದಲ ದಿನ ಎಲ್ಲರ ಲೋಟದಲ್ಲಿ ಚಾ ಕೊಟ್ಟಾಗ ಸಕ್ಕರೆ ಸರಿ ಇತ್ತಾ ಅಂತ ಕೇಳು. ಅಂಥ ಪ್ರಶ್ನೆಗೇ ಅವರು ಬಾಯಿ ಬಿಡುವುದು.

ಆ ಹೋಟೆಲ್ ಇನ್ನೂ ಇದೆಯಾ? ಇದ್ದರೆ ಬೆಳಗ್ಗೆ ಆರಕ್ಕೇ ಅಪ್ಪನನ್ನು ಕರೆದುಕೊಂಡು ಹೋಗು. ಸ್ಟೌವಿನ ಸದ್ದು, ಲೋಟ ತೊಳೆಯುವ ಸದ್ದು ತೆಗೆದುಕೋ. ಆಮೇಲೆ ಫೋನು ಜೇಬಿಗೆ ಹಾಕಿ ಇಬ್ಬರೂ ಚಾ ಕುಡಿದು ಬನ್ನಿ.