ಉಸಿರು ಎಣಿಸುವ ಫೋನು

ಹೆರಾಯಿನ್, ಫೆಂಟನಿಲ್‌ನಂಥ ಮಾದಕವಸ್ತು ಮಿತಿಮೀರಿ ಸಾಯುವವರ ಹೃದಯವೇ ಮೊದಲು ನಿಲ್ಲುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ, ಮೊದಲು ಕೈಕೊಡುವುದು ಉಸಿರು. ಮೆದುಳಿನ ಬುಡದಲ್ಲಿ ಉಸಿರಿಗೆ ತಾಳ ಹಾಕುವ ಪುಟ್ಟ ನರಗುಂಪೊಂದಿದೆ. 1991ರಲ್ಲಿ ಅದನ್ನು ಗುರುತಿಸಿದರು. ಪ್ರಿ-ಬೋಟ್ಜಿಂಗರ್ ಅನ್ನುವ ಅದರ ಹೆಸರು ಬಂದದ್ದು ಜರ್ಮನಿಯ ಒಂದು ವೈನಿನಿಂದ! ಈ ಮಾದಕವಸ್ತುಗಳು ಅದನ್ನೇ ಮಂಕಾಗಿಸುತ್ತವೆ. ಭಜನೆಯಲ್ಲಿ ತಾಳ ಹಾಕುವವನು ತೂಕಡಿಸಿದರೆ ಏನಾಗುತ್ತದೋ, ಇಲ್ಲೂ ಅದೇ ಆಗುತ್ತದೆ.

ಇದಕ್ಕೆ ಮದ್ದಿದೆ. 1971ರಲ್ಲೇ ಅಮೆರಿಕ ಒಪ್ಪಿಗೆ ಕೊಟ್ಟ ನಲಾಕ್ಸೋನ್. ಆದರೆ ಪ್ರಜ್ಞೆ ತಪ್ಪಿದವನು ಅದನ್ನು ತಾನೇ ತೆಗೆದುಕೊಳ್ಳಲಾರ. ಕೋಣೆಯಲ್ಲಿ ಒಬ್ಬನೇ ಇದ್ದರೆ ಮುಗಿಯಿತು.

ಫೋನು ನೆರವಿಗೆ ಬರುವುದು ಇಲ್ಲೇ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ 'ಸೆಕೆಂಡ್ ಚಾನ್ಸ್' ಆ್ಯಪ್ ಬಾವಲಿಯ ವಿದ್ಯೆ ಬಳಸುತ್ತದೆ. ಒಂದು ಮೀಟರ್ ದೂರದಲ್ಲಿಟ್ಟ ಫೋನಿನ ಸ್ಪೀಕರ್ ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತದೆ. ಅದು ಎದೆಗೆ ಬಡಿದು ಮೈಕಿಗೆ ವಾಪಸ್ ಬರುತ್ತದೆ. ಉಸಿರೆಳೆದಾಗ ಎದೆ ಅರ್ಧ ಸೆಂಟಿಮೀಟರ್ ಉಬ್ಬಿತು ಅನ್ನಿ. ಪ್ರತಿಧ್ವನಿ ಸೆಕೆಂಡಿನ ಲಕ್ಷದಲ್ಲಿ 3 ಪಾಲಿನಷ್ಟು ಬೇಗ ಬರುತ್ತದೆ, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಹೇಗೆ? ಫೋನು ಒಂದೇ ಸ್ವರ ಹಿಡಿದು ಕೂರುವುದಿಲ್ಲ, ಸ್ವರ ಏರಿಸುತ್ತಾ ಹೋಗುತ್ತದೆ. ನೀವು ಸರಿಗಮ ಹಾಡುತ್ತಾ 'ಪ'ಕ್ಕೆ ಬಂದಾಗ ನಿಮ್ಮದೇ 'ಗ' ಬೆಟ್ಟಕ್ಕೆ ಬಡಿದು ಮರಳಿದರೆ, ಬೆಟ್ಟ ಎಷ್ಟು ದೂರ ಅಂತ ಹೇಳಬಹುದು ಅಲ್ವಾ? 'ರಿ' ಬಂದರೆ ಇನ್ನೂ ದೂರ. ಬೆಟ್ಟದ ಜಾಗದಲ್ಲಿ ಎದೆ ಇಟ್ಟುಕೊಳ್ಳಿ. ಬೆಟ್ಟ ಅಲುಗಾಡುವುದಿಲ್ಲ, ಎದೆ ಹತ್ತಿರ ಬಂದು ದೂರ ಹೋಗುತ್ತಿರುತ್ತದೆ. ಆ ಏರಿಳಿತ ಎಣಿಸಿದರೆ ಉಸಿರಿನ ಲೆಕ್ಕ ಸಿಕ್ಕಿತು!

ಕೆನಡಾದ ವ್ಯಾಂಕೋವರಿನ ಇನ್‌ಸೈಟ್ ಎಂಬ ಕೇಂದ್ರದಲ್ಲಿ, ದಾದಿಯರ ಕಣ್ಣೆದುರೇ ಮಾದಕವಸ್ತು ಚುಚ್ಚಿಕೊಳ್ಳುವ 94 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಆಪರೇಷನ್‌ಗೆ ಬಂದ 20 ಜನರಲ್ಲಿ ಅರಿವಳಿಕೆ ಮದ್ದಿನಿಂದ ಓವರ್‌ಡೋಸಿನಂಥ ಸ್ಥಿತಿ ತಂದು ನೋಡಿದಾಗ, 19 ಜನರಲ್ಲಿ ಅದನ್ನು ಆ್ಯಪ್ ಸರಿಯಾಗಿ ಗುರುತಿಸಿತು.

ಇಂಥವು ಚಟಕ್ಕೆ ಕುಮ್ಮಕ್ಕು ಅನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಚಟ ಬಿಡಬೇಕಾದರೂ ಮನುಷ್ಯ ನಾಳೆ ಬೆಳಗ್ಗೆ ಏಳಬೇಕಲ್ಲ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2020ರಲ್ಲಿ ಬಂದ 'ಲೈಫ್‌ಗಾರ್ಡ್' ಆ್ಯಪಿನಲ್ಲಿ ಬಾವಲಿಯೂ ಇಲ್ಲ, ಬೆಟ್ಟವೂ ಇಲ್ಲ. ಬರೀ ಟೈಮರ್. ಮಾದಕವಸ್ತು ತೆಗೆದುಕೊಳ್ಳುವ ಮುಂಚೆ ಅದನ್ನು ಒತ್ತಬೇಕು. 50 ಸೆಕೆಂಡಿನಲ್ಲಿ 'ಚೆನ್ನಾಗಿದ್ದೇನೆ' ಅಂತ ಒತ್ತದಿದ್ದರೆ ಅಲಾರಂ ಜೋರಾಗುತ್ತದೆ. 75 ಸೆಕೆಂಡಾದರೂ ಉತ್ತರವಿಲ್ಲದಿದ್ದರೆ, ಫೋನು ತಾನೇ ಆಂಬುಲೆನ್ಸಿಗೆ ಕರೆ ಮಾಡುತ್ತದೆ.