ಆನೆ ಕೆಳಗೆ ಹೋಗೋದು ಯಾವಾಗ?

ಭಾನುವಾರ ಕ್ಲಬ್ಬಿನಲ್ಲಿ ಆಡಿದ ಚೆಸ್ ಆಟ ಡ್ರಾ ಆಯಿತು. ನನ್ನದು ಕಪ್ಪು. ಒಂದು ಪಾನ್ (ಕಾಲಾಳು) ಕಡಿಮೆ ಇದ್ದರೂ ಉಳಿಸಿಕೊಂಡೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಕೊನೆಗೆ ಉಳಿದದ್ದು ಐದೇ ಕಾಯಿ. (ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಎಡದಿಂದ ಎ–ಎಚ್ ಕಂಬ, ಅಂಕಿ ಅಂದರೆ ಬಿಳಿ ಕಡೆಯಿಂದ ಎಣಿಸಿದ ಸಾಲು.) ಬಿಳಿ: ರಾಜ ಡಿ5, ಪಾನ್ ಇ5, ಆನೆ ಎಚ್7. ಕಪ್ಪು: ರಾಜ ಇ8, ಆನೆ ಬಿ6. ಇದು ಫಿಲಿಡೋರ್ ಸ್ಥಿತಿ, ಅಂದರೆ ಒಂದು ಪಾನ್ ಕಡಿಮೆ ಇರುವವರು ಆನೆಯಿಂದ ಡ್ರಾ ಮಾಡಿಕೊಳ್ಳಬಹುದಾದ ಹೆಸರಾಂತ ಕೊನೆಯಾಟ. ಫ್ರಾನ್ಸಿನ ಫಿಲಿಡೋರ್ ಇದನ್ನು 1777ರಲ್ಲೇ ಬಿಡಿಸಿ ತೋರಿಸಿದ್ದರು. ಅವರು ಆಪೆರಾಗಳಿಗೆ ಸಂಗೀತ ಬರೆಯುತ್ತಿದ್ದವರು ಕೂಡ.

ಮೊದಲ ಕೆಲಸ ಸುಲಭ. ಆನೆ ಆರನೇ ಸಾಲು ಕಾಯಬೇಕು, ಬಿಳಿ ರಾಜನನ್ನು ಒಳಗೆ ಬಿಡಬಾರದು. ಬಿ6ರಿಂದ ಎ6, ಮತ್ತೆ ಬಿ6, ಅಷ್ಟೇ. ಸಿ6ರಲ್ಲಿ ಇಡಬೇಡಿ, ರಾಜ ಹೊಡೆಯುತ್ತಾನೆ.

ನಾನು ಎಡವುತ್ತಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಹಿಂದಿನಿಂದ ಚೆಕ್ ಕೊಟ್ಟರೆ ಡ್ರಾ ಅಂತ ಗೊತ್ತಿತ್ತು. ಹಾಗಾಗಿ ಹೋದ ತಿಂಗಳು ಪಾನ್ ಇನ್ನೂ ಇ5ರಲ್ಲಿದ್ದಾಗಲೇ ಆನೆಯನ್ನು ಬಿ1ಕ್ಕೆ ಇಳಿಸಿಬಿಟ್ಟೆ. ಬಿಳಿ ರಾಜ ಡಿ6ಕ್ಕೆ ಬಂದ. ಡಿ1ರಿಂದ ಚೆಕ್ ಕೊಟ್ಟೆ. ರಾಜ ಇ6ಕ್ಕೆ ಹೋಗಿ ಪಾನಿನ ಮುಂದೆ ನಿಂತ. ಇ1ರಿಂದ ಚೆಕ್ ಕೊಡೋಣ ಅಂದರೆ ಮಧ್ಯದಲ್ಲಿ ಅವರ ಪಾನೇ ಅಡ್ಡ! ಮುಂದಿನ ನಡೆಗೆ ಎಚ್8ರಲ್ಲಿ ಮೇಟ್ ಕಾದಿದೆ. ಅಲ್ಲಿಗೇ ಸೋಲು ಅಂತಲ್ಲ, ಆದರೆ ಕಾಪಾಡಿಕೊಳ್ಳೋದು ತುಂಬಾ ಕಷ್ಟ.

ಅಂದರೆ ಇ6 ಬಿಳಿ ರಾಜ ಅಡಗುವ ಮನೆ. ಆ ಮನೆಗೆ ಅವರದೇ ಪಾನ್ ಹೋಗಿ ಕೂರುವವರೆಗೆ ನಮ್ಮ ಆನೆ ಅಲ್ಲಾಡಬಾರದು. ಪಾನ್ ಕೂತ ತಕ್ಷಣ ಆನೆ ಕೆಳಗೆ. ಮೇಲೇ ಉಳಿದರೂ ತಪ್ಪು: ಪಾನ್ ಸಾಲಿಗೆ ಅಡ್ಡ ಬಂದಿರುತ್ತದೆ, ರಾಜ ಇ5, ಎಫ್6 ಅಂತ ಆ ಕಡೆಯಿಂದ ನುಗ್ಗುತ್ತಾನೆ.

ಇನ್ನೊಂದು ಗೊಂದಲ, ಸಾಲು ಎಣಿಸೋದು. ಆರನೇ ಸಾಲು ಅನ್ನೋದು ಬಿಳಿ ಕಡೆಯ ಲೆಕ್ಕ. ನಾನು ಈಗ 'ನನ್ನ ಕಡೆಯಿಂದ ಮೂರನೇ ಸಾಲು' ಅಂತಲೇ ನೆನಪಿಡುತ್ತೇನೆ. ಆಗ ಯಾವ ಬಣ್ಣವಾದರೂ ಒಂದೇ.

ಭಾನುವಾರ ಗಡಿಯಾರದಲ್ಲಿ ಎರಡೇ ನಿಮಿಷ ಇತ್ತು. ಕೈ ಆನೆಯ ಹತ್ತಿರ ಹೋಯಿತು, ವಾಪಸ್ ತೆಗೆದು ತೊಡೆ ಮೇಲೆ ಇಟ್ಟುಕೊಂಡೆ. ಸುಮ್ನೆ ಎ6, ಬಿ6 ಆಡಿದೆ. ಕೊನೆಗೆ ಎದುರಿನವರು ಪಾನನ್ನು ಇ6ಕ್ಕೆ ತಳ್ಳಿದರು. ಆನೆ ಬಿ1. ರಾಜ ಡಿ6, ಆನೆ ಡಿ1 ಚೆಕ್. ರಾಜ ಇ5, ಆನೆ ಇ1 ಚೆಕ್. ರಾಜ ಎಫ್6, ಆನೆ ಎಫ್1 ಚೆಕ್. ರಾಜ ಆನೆಯನ್ನು ಅಟ್ಟಿಸಿಕೊಂಡು ಕೆಳಗೆ ಬಂದರೆ ಪಾನ್ ಕಳೆದುಕೊಳ್ಳುತ್ತಾನೆ. ಅವರು ಸ್ವಲ್ಪ ಹೊತ್ತು ಬೋರ್ಡ್ ನೋಡಿ, 'ಡ್ರಾ ಮಾಡೋಣ್ವಾ?' ಅಂತ ಕೈ ಚಾಚಿದರು.