ಮುಸುಕು ಹಾಕ್ಕೊಂಡ 7 ಸೀರೀಸ್, ತೋರಿಸಿದ್ರೂ ನಂಬದ ನಾವು

2021ರಲ್ಲಿ ಬಿಎಂಡಬ್ಲ್ಯುನ ದೊಡ್ಡ ಲಕ್ಷುರಿ ಸೆಡಾನ್ ಆದ 7 ಸೀರೀಸ್‌ನ ಹೊಸ ಟೆಸ್ಟ್ ಕಾರಿನ ಫೋಟೊಗಳು ಬರ್ತಿದ್ದಾಗ ನಾನು ಗಂಟೆಗಟ್ಟಲೆ ಝೂಮ್ ಮಾಡಿ ನೋಡ್ತಾ ಕೂತಿದ್ದೆ. ಕಪ್ಪು ಬಿಳಿ ಸುರುಳಿ ಸುರುಳಿ ಸ್ಟಿಕ್ಕರ್ ಸುತ್ತಿದ ಉದ್ದನೆ ಕಾರು, ಮೂತಿ ಮಾತ್ರ ವಿಚಿತ್ರ, ಮೇಲೆ ತೆಳ್ಳಗೆ ಒಂದು ಲೈಟು, ಅದರ ಕೆಳಗೆ ಬೇರೆಯಾಗಿ ಇನ್ನೊಂದು. ಟೆಸ್ಟ್ ಕಾರಿಗೆ ತಾತ್ಕಾಲಿಕ ಲೈಟು ಹಾಕ್ಕೊಂಡು ಓಡಿಸೋದು ಮಾಮೂಲಿ ತಾನೇ, ಇದೂ ಹಂಗೇ ಇರುತ್ತೆ, ಫೈನಲ್ ಕಾರಲ್ಲಿ ಸರಿಯಾಗಿರುತ್ತೆ ಅಂತ ನನ್ನಂಥ ಎಷ್ಟೋ ಜನ ಸಮಾಧಾನ ಮಾಡ್ಕೊಂಡಿದ್ವಿ. 2022ರ ಏಪ್ರಿಲ್ 20ಕ್ಕೆ ಪರದೆ ಸರೀತು. ಲೈಟು ಎರಡು ಭಾಗವಾಗೇ ಇತ್ತು, ಅಷ್ಟೇ ಅಲ್ಲ, ಮೇಲಿನ ಭಾಗಕ್ಕೆ ಬೇಕು ಅಂದೋರಿಗೆ ಸ್ವರೋವ್ಸ್ಕಿ ಹರಳು ಬೇರೆ, ನಡುವೆ ರಾತ್ರಿ ಹೊತ್ತು ಬೆಳಗೋ ದೊಡ್ಡ ಗ್ರಿಲ್ಲು.

ಆಗಿಂದ ನನಗೆ ಒಂದೇ ಪ್ರಶ್ನೆ. ದೊಡ್ಡ ಲಕ್ಷುರಿ ಕಾರಿನ ಬಗ್ಗೆ ಅಂದಾಜು ಮಾಡೋರು ಇಂಜಿನ್ನು, ಸ್ಕ್ರೀನು, ಸಸ್ಪೆನ್ಷನ್ನು ಎಲ್ಲ ಹೆಚ್ಚುಕಮ್ಮಿ ಕರೆಕ್ಟಾಗಿ ಹೇಳ್ತಾರೆ, ಆದ್ರೆ ಮುಖ ಹೆಂಗಿರುತ್ತೆ ಅನ್ನೋದ್ರಲ್ಲಿ ಮಾತ್ರ ಯಾಕೆ ಪದೇ ಪದೇ ಎಡವ್ತಾರೆ? ಹಿಂದಕ್ಕೆ ಹೋಗಿ ನೋಡಿದ್ರೆ ಇದು ನಿನ್ನೆ ಮೊನ್ನೆಯ ಕಥೆ ಅಲ್ಲ.

ಕದ್ದು ಫೋಟೊ ಹೊಡೆಯೋ ಚಟಕ್ಕೆ ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸು. 1952ರಲ್ಲಿ ಜರ್ಮನಿಯ ಔಟೊ ಮೋಟರ್ ಉಂಟ್ ಸ್ಪೋರ್ಟ್ ಪತ್ರಿಕೆ ಇನ್ನೂ ಬಿಡುಗಡೆ ಆಗದ ಮರ್ಸಿಡಿಸ್ ಕಾರೊಂದರ ಫೋಟೊ ಹಾಕಿ, ಜೊತೆಗೆ ರಾತ್ರಿ ಗಾಳಿಯಲ್ಲಿ ಕಾಣಿಸ್ಕೊಳ್ಳೋ ಭೂತರಾಜನ ಹಳೇ ಜರ್ಮನ್ ಕಥನಗೀತೆಯನ್ನ ಅನುಕರಿಸಿ ಒಂದಷ್ಟು ಸಾಲು ಬರೀತು. ಆ ಭೂತದ ಹೆಸರು ಎರ್ಲ್‌ಕೋನಿಗ್, ಇವತ್ತಿಗೂ ಜರ್ಮನ್ನರು ಮುಸುಕು ಹಾಕಿದ ಟೆಸ್ಟ್ ಕಾರಿಗೆ ಅದೇ ಹೆಸರಲ್ಲೇ ಕರೀತಾರೆ. ಅಮೆರಿಕದಲ್ಲಿ ಬ್ರೆಂಡಾ ಪ್ರಿಡ್ಡಿ ಅನ್ನೋ ಮಹಿಳೆ 1992ರಲ್ಲಿ ಅಂಗಡಿ ಪಾರ್ಕಿಂಗ್‌ನಲ್ಲಿ ಹೊಸ ಫೋರ್ಡ್ ಮಸ್ಟಾಂಗ್ ಕಣ್ಣಿಗೆ ಬಿದ್ದು ಫೋಟೊ ತೆಗೆದ್ರು, ಆಮೇಲೆ ಅದನ್ನೇ ಫುಲ್ ಟೈಮ್ ಕೆಲಸ ಮಾಡ್ಕೊಂಡು ಡೆತ್ ವ್ಯಾಲಿಯ ಸುಡುಬಿಸಿಲಲ್ಲಿ ಕಾರು ಕಾಯ್ತಾ ಕೂರ್ತಿದ್ರು.

ಡೆತ್ ವ್ಯಾಲಿನೇ ಯಾಕೆ ಅಂದ್ರೆ ಕಾರು ಹೋಗ್ಲೇಬೇಕಾದ ಜಾಗಗಳು ಕೆಲವಿವೆ. ಬಿಸಿಲಿಗೆ ಅಲ್ಲಿ, ಹಿಮಕ್ಕೆ ಸ್ವೀಡನ್ನಿನ ಅರ್ಯೆಪ್ಲಾಗ್, ಹ್ಯಾಂಡ್ಲಿಂಗ್‌ಗೆ ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್ಬರ್ಗ್‌ರಿಂಗ್‌ನ 20.8 ಕಿಲೋಮೀಟರ್ ಸುತ್ತು. ಸ್ಟಿಕ್ಕರ್ ಮೇಲಿನ ಸುರುಳಿ ಡಿಸೈನು ಸುಮ್ನೆ ಅಂದಕ್ಕಲ್ಲ, ಬಾಡಿ ಮೇಲಿನ ಗೆರೆ, ಉಬ್ಬು ತಗ್ಗಿನ ಮೇಲೆ ಬೆಳಕು ಹೆಂಗೆ ಬೀಳುತ್ತೆ ಅಂತ ಕಣ್ಣಿಗೂ ಕ್ಯಾಮೆರಾಗೂ ಗೊತ್ತಾಗಬಾರದು ಅಂತ. ಅದರ ಕೆಳಗೆ ಫೋಮು, ಸುಳ್ಳು ಪ್ಲಾಸ್ಟಿಕ್ ಪ್ಯಾನೆಲ್ಲು ಬೇರೆ ಇರುತ್ತೆ. ಆದ್ರೂ ಮುಚ್ಚೋಕೆ ಆಗದೇ ಇರೋದು ಬೇಕಾದಷ್ಟಿದೆ, ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ ಅಂದ್ರೆ ವೀಲ್‌ಬೇಸ್, ಕಿಟಕಿ ಗೆರೆ, ಬಾಗಿಲ ಉದ್ದ, ಬ್ರೇಕು ಎಷ್ಟು ದಪ್ಪ, ಸೈಲೆನ್ಸರ್ ಇದೆಯೋ ಇಲ್ವೋ, ಗ್ರಿಲ್ಲಲ್ಲಿ ರೇಡಾರ್ ಎಲ್ಲಿದೆ. ಇದರ ಜೊತೆ ಯಾವ ಕಂಪನಿ ಗೇರ್‌ಬಾಕ್ಸ್ ಸಪ್ಲೈ ಮಾಡುತ್ತೆ, ಯುರೋಪಲ್ಲಿ ಯಾವ ಹೊಸ ಸೇಫ್ಟಿ ರೂಲು ಬರ್ತಿದೆ ಅಂತ ಸೇರಿಸಿ ಲೆಕ್ಕ ಹಾಕೋನಿಗೆ ಫೀಚರ್ ಲಿಸ್ಟು ಹೆಚ್ಚುಕಮ್ಮಿ ಕೈಗೆ ಸಿಕ್ಕ ಹಾಗೇನೇ. ಈಗ ಅರ್ಧ ಕೆಲಸ ರೋಡಿಗೆ ಬರೋದೇ ಇಲ್ಲ, ಸಿಮ್ಯುಲೇಷನ್ನಲ್ಲೇ ನಡೆದುಹೋಗುತ್ತೆ, 1996ರಲ್ಲಿ ಶುರುವಾದ ಮರ್ಸಿಡಿಸ್‌ನ ನಮ್ಮ ಬೆಂಗಳೂರಿನ ರಿಸರ್ಚ್ ಸೆಂಟರು ಜರ್ಮನಿ ಹೊರಗೆ ಅವರ ಅತಿ ದೊಡ್ಡದು, ಅಲ್ಲಿ ಕೂತಿರೋ ಇಂಜಿನಿಯರುಗಳು ಕಂಪ್ಯೂಟರಲ್ಲಿ ಗುದ್ದಿಸೋ ಕಾರಿನ ಫೋಟೊ ಯಾರು ತಾನೇ ಹೊಡೀತಾರೆ.

ಇನ್ನು ಮುಖದ ವಿಷ್ಯ. ಇದಕ್ಕೆ 1999ರ ಫ್ರಾಂಕ್‌ಫರ್ಟ್ ಮೋಟರ್ ಶೋಗೆ ಹೋಗಬೇಕು.

ಆಗ ರೋಡ್ ಮೇಲಿದ್ದ 7 ಸೀರೀಸ್ ಅಂದ್ರೆ ಕಂಪನಿ ಒಳಗಿನ ಕೋಡ್ ಹೆಸರಲ್ಲಿ ಇ38, 1994ರದ್ದು. ಉದ್ದ, ತಗ್ಗು, ಒಂದು ಗೆರೆಯೂ ಹೆಚ್ಚಿಲ್ಲ, ನನ್ನ ಪ್ರಕಾರ ಇವತ್ತಿಗೂ ಅದಕ್ಕಿಂತ ಚಂದದ ದೊಡ್ಡ ಸೆಡಾನ್ ಬಂದಿಲ್ಲ. ಅದರ ಮುಂದಿನ ಕಾರು ಹೆಂಗಿರಬಹುದು ಅಂದ್ರೆ ಎಲ್ಲರ ತಲೆಯಲ್ಲೂ ಇದ್ದಿದ್ದು ಇನ್ನೊಂದು ಇ38, ಸ್ವಲ್ಪ ದೊಡ್ಡದು ಅಷ್ಟೇ. ಆ ಶೋನಲ್ಲಿ ಬಿಎಂಡಬ್ಲ್ಯು ಝಡ್9 ಗ್ರಾನ್ ಟುರಿಸ್ಮೊ ಅನ್ನೋ ಕಾನ್ಸೆಪ್ಟ್ ಕಾರು ತಂದು ನಿಲ್ಲಿಸ್ತು. ಎರಡು ಬಾಗಿಲಿನ ಕೂಪೆ, ಡಿಸೈನ್ ಏಡ್ರಿಯನ್ ವಾನ್ ಹೂಯ್‌ಡಾಂಕ್ ಅವರದ್ದು, ಅವರ ಮೇಲೆ ಡಿಸೈನ್ ಚೀಫ್ ಆಗಿ ಅಮೆರಿಕದ ಕ್ರಿಸ್ ಬ್ಯಾಂಗಲ್ ಇದ್ರು, 1992ರಲ್ಲಿ ಫಿಯಾಟ್ ಬಿಟ್ಟು ಬಂದೋರು. ಝಡ್9ನ ಡಿಕ್ಕಿ ಬಾಗಿಲು ಬೇರೆಯಾಗಿ ತಂದು ಮೇಲೆ ಕೂರಿಸಿದ ಹಾಗಿತ್ತು, ಒಳಗೆ ಬಟನ್ನುಗಳ ಜಾತ್ರೆ ಇಲ್ಲ, ಒಂದು ಸ್ಕ್ರೀನು, ಕೈಗೆ ಸಿಗೋ ಹಾಗೆ ನಡುವೆ ಒಂದು ದುಂಡನೆ ನಾಬು. ಮುಂದೆ ಬರೋ 7 ಸೀರೀಸ್‌ನ ಎರಡು ದೊಡ್ಡ ಗುಟ್ಟನ್ನ ಕಂಪನಿನೇ ಸ್ಟೇಜ್ ಮೇಲೆ ಇಟ್ಟು ಲೈಟ್ ಹಾಕಿ ತೋರಿಸ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರಲ್ಲ, ಹಾಗಿತ್ತು ಪರಿಸ್ಥಿತಿ, ಆದ್ರೆ ಕಾನ್ಸೆಪ್ಟ್ ಅಲ್ವಾ, ಶೋಗೋಸ್ಕರ ಮಾಡಿದ್ದು, ಇದನ್ನ ಯಾರು ಫ್ಯಾಕ್ಟರಿಯಲ್ಲಿ ಮಾಡ್ತಾರೆ ಅಂತ ಪಕ್ಕಕ್ಕಿಟ್ಟುಬಿಟ್ರು.

ಎರಡು ವರ್ಷ ಬಿಟ್ಟು 2001ರಲ್ಲಿ ಅದೇ ಫ್ರಾಂಕ್‌ಫರ್ಟಲ್ಲಿ ಹೊಸ 7 ಸೀರೀಸ್, ಕೋಡ್ ಹೆಸರು ಇ65, ಬಂತು. ಡಿಕ್ಕಿ ಬಾಗಿಲು ಹಾಗೇ, ನಾಬೂ ಹಾಗೇ, ಅದಕ್ಕೆ ಐಡ್ರೈವ್ ಅಂತ ಹೆಸರು, ಸುಮಾರು 700 ಫಂಕ್ಷನ್ನು ಅದರೊಳಗೆ. ಗೇರು ಸ್ಟೀರಿಂಗ್ ಪಕ್ಕದ ಕಡ್ಡಿಗೆ ಹೋಯ್ತು, ಹ್ಯಾಂಡ್‌ಬ್ರೇಕು ಬಟನ್ನಾಯ್ತು. ಜನ ಕೆಂಡಾಮಂಡಲ ಆದ್ರು. ಡಿಕ್ಕಿಗೆ ಬ್ಯಾಂಗಲ್ ಬಟ್, ಅಂದ್ರೆ ಬ್ಯಾಂಗಲ್ ಕುಂಡಿ, ಅಂತ ಅಡ್ಡಹೆಸರು ಬಿತ್ತು, ಬ್ಯಾಂಗಲ್‌ರನ್ನ ಕೆಲಸದಿಂದ ತೆಗೀರಿ ಅಂತ ಆನ್‌ಲೈನ್ ಅರ್ಜಿ ಹೊರಟು ಸಾವಿರಾರು ಜನ ಸಹಿ ಹಾಕಿದ್ರು. ರೇಡಿಯೊ ಸ್ಟೇಷನ್ ಬದಲಾಯಿಸೋಕೆ ಮೆನು ಒಳಗೆ ಮೆನು ಹೊಕ್ಕು ಹುಡುಕಬೇಕಾದ ಡ್ರೈವರ್‌ಗೆ ಸಿಟ್ಟು ಬರೋದು ನ್ಯಾಯವೇ, ಕಂಪನಿಯೂ ಅದನ್ನ ಒಪ್ಪಿಕೊಂಡ ಹಾಗೆ 2003ರ 5 ಸೀರೀಸ್‌ನಲ್ಲಿ ಸರಳ ಮಾಡ್ತು, 2008ರಲ್ಲಿ ಪಕ್ಕಕ್ಕೆ ನೇರ ಬಟನ್ನುಗಳನ್ನ ವಾಪಸ್ ತಂತು. ಆದ್ರೆ ಆ ಸಿಟ್ಟಿನ ಗಲಾಟೆಯಲ್ಲಿ, ಪ್ರೊಡಕ್ಷನ್ ಕಾರಿಗೆ ಮೊದಲ ಸಲ ಆರು ಸ್ಪೀಡ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಿದ್ದು ಇದೇ ಕಾರು ಅನ್ನೋದು ಮುಚ್ಚಿಹೋಯ್ತು, ಅದು ನನಗೆ ಬೇಜಾರಿನ ವಿಷ್ಯ.

ಇನ್ನೂ ಒಂದು ಮಾತಿದೆ. ಇ65 ಹಿಂದಿನ ಎಲ್ಲಾ 7 ಸೀರೀಸ್‌ಗಿಂತ ಜಾಸ್ತಿ ಮಾರಾಟ ಆಯ್ತು. 7 ಸೀರೀಸ್‌ನ ಎದುರಾಳಿಗಳಲ್ಲಿ ಆಡಿ ತನ್ನ ಎ8ಗೆ ನಾಬ್ ಹಾಕ್ತು, 2005ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸೂ ನಾಬ್ ಹಾಕ್ತು, ಆ ಎಸ್ ಕ್ಲಾಸ್‌ನ ಹಿಂಭಾಗ ನೋಡಿದ್ರೆ ಡಿಕ್ಕಿ ಬಾಗಿಲೂ ಸ್ವಲ್ಪ ಎತ್ತಿ ಕೂರಿಸಿದ ಹಾಗೇ ಕಾಣುತ್ತೆ. ಬೈದೋರು ಒಬ್ರು, ಕೊಂಡೋರು ಇನ್ನೊಬ್ರು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅನ್ಸುತ್ತೆ, ಅಂದಾಜು ಹಾಕೋ ನಾವು ಮನಸ್ಸಲ್ಲಿ ಚಿತ್ರ ಬಿಡಿಸೋದು ನಾವು ಪ್ರೀತಿಸಿದ ಹಿಂದಿನ ಕಾರನ್ನ.

ಇದೇ ಎಡವಟ್ಟು 2019ರಲ್ಲೂ ಆಯ್ತು. ಫ್ರಾಂಕ್‌ಫರ್ಟಲ್ಲೇ ಬಿಎಂಡಬ್ಲ್ಯು ಕಾನ್ಸೆಪ್ಟ್ 4 ತೋರಿಸ್ತು, ಗ್ರಿಲ್ಲು ನೆಲ ಮುಟ್ಟೋ ಹಾಗೆ ಉದ್ದ. ಮತ್ತೆ ಅದೇ ಮಾತು, ಇದು ಶೋಗೆ, ರೋಡಿಗೆ ಬರೋವಾಗ ಚಿಕ್ಕದಾಗುತ್ತೆ. 2020ರ ಜೂನ್‌ನಲ್ಲಿ 4 ಸೀರೀಸ್ ಬಂದಾಗ ಆ ಗ್ರಿಲ್ಲೂ ಬಂತು. 2021ರ ಕೊನೆಗೆ ಬಿಎಂಡಬ್ಲ್ಯುನ ಕಾನ್ಸೆಪ್ಟ್ ಎಕ್ಸ್‌ಎಂ ಅನ್ನೋ ಎಸ್‌ಯುವಿ ಎರಡು ಭಾಗದ ಲೈಟ್ ಹಾಕ್ಕೊಂಡು ಬಂತು, ಆಗಲೂ 7 ಸೀರೀಸ್‌ಗೆ ಇದು ಬರಲ್ಲ ಅಂದುಕೊಂಡೋರಲ್ಲಿ ನಾನೂ ಒಬ್ಬ.

ಉಳಿದರ್ಧ ಉತ್ತರ ಹಿಂದಿನ ಸೀಟಲ್ಲಿದೆ. ನಾವು ಅಂದಾಜು ಮಾಡೋದು ಸ್ಟೀರಿಂಗ್ ಹಿಂದೆ ಕೂತು. 7 ಸೀರೀಸ್‌ನ ಅತಿ ದೊಡ್ಡ ಮಾರ್ಕೆಟ್ ಚೀನಾ, ಅಲ್ಲಿ ಓನರ್ ಕೂರೋದು ಹಿಂದೆ. 2022ರ ಕಾರನ್ನ ಆ ಸೀಟಿಂದ ನೋಡಿ, ಎಲ್ಲ ಅರ್ಥ ಆಗುತ್ತೆ. ಉದ್ದದ ಮಾಡೆಲ್ ಒಂದೇ, 5.39 ಮೀಟರ್, ಚಿಕ್ಕ ವೀಲ್‌ಬೇಸ್ ಬೇಕು ಅಂದ್ರೂ ಇಲ್ಲ, ಮೇಲಿಂದ ಇಳಿಯೋ 31.3 ಇಂಚಿನ ಸ್ಕ್ರೀನು, ತಾನೇ ತೆಗೆದು ಮುಚ್ಚಿಕೊಳ್ಳೋ ಬಾಗಿಲು, ರೂಫ್ ಎತ್ತರ. ಹೋಟೆಲ್ ಬಾಗಿಲಿಗೆ ಬಂದು ನಿಂತಾಗ ಯಾರು ಬಂದ್ರು ಅಂತ ಗೊತ್ತಾಗಬೇಕು, ಅದಕ್ಕೆ ಆ ಮುಖ. ನನಗೆ ಇಷ್ಟ ಆಗಲಿಲ್ಲ, ಈಗಲೂ ಇಲ್ಲ, ಆದ್ರೆ ಯಾಕೆ ಹಾಗಿದೆ ಅನ್ನೋದು ಈಗ ಒಪ್ತೀನಿ. ಹನ್ನೆರಡು ಸಿಲಿಂಡರಿನ ವಿ12 ಇಂಜಿನ್ ಉಳಿಯುತ್ತೆ ಅಂತ ಕಡೆವರೆಗೂ ಆಸೆ ಇಟ್ಕೊಂಡೋರಿಗೂ ಹಾಗೇ ಆಯ್ತು, 1987ರ 750ಐಎಲ್‌ನಿಂದ ಬಂದ ಇಂಜಿನ್ ಅದು, 2022ರ ಜನವರಿಯಲ್ಲಿ ಕಂಪನಿ ನಿಲ್ಲಿಸ್ತೀವಿ ಅಂತ ಹೇಳ್ತು, ಅದರ ಜಾಗಕ್ಕೆ ಬ್ಯಾಟರಿ ಹೊತ್ತ ಐ7 ಬಂತು.

ಮರ್ಸಿಡಿಸ್ ಕಡೆ ಇಷ್ಟು ಗೊಂದಲ ಕಮ್ಮಿ. 2020ರ ಸೆಪ್ಟೆಂಬರಲ್ಲಿ ಎಸ್ ಕ್ಲಾಸ್ ಬರೋ ಮೊದಲೇ ಡ್ಯಾಶ್‌ಬೋರ್ಡಿನ ದೊಡ್ಡ ಸ್ಕ್ರೀನಿನ ಫೋಟೊ ಹೊರಬಿದ್ದಿತ್ತು, 10 ಡಿಗ್ರಿವರೆಗೆ ತಿರುಗೋ ಹಿಂದಿನ ಚಕ್ರ, ಹಿಂದೆ ಕೂತೋರಿಗೆ ಮುಂಭಾಗದ ಏರ್‌ಬ್ಯಾಗ್ ಅಂತ ಒಂದೊಂದನ್ನೇ ಕಂಪನಿನೇ ಬಿಟ್ಕೊಡ್ತಾ ಬಂತು, ಮುಖವಂತೂ ಹಳೇದರ ತಮ್ಮನ ಹಾಗೇ ಇತ್ತು.

ಈಗ ಬಿಎಂಡಬ್ಲ್ಯು ಮತ್ತೆ ತೋರಿಸಿದೆ. ಹೊಸ ಪೀಳಿಗೆಯ ಎಲೆಕ್ಟ್ರಿಕ್ ಕಾರುಗಳ ಕಾನ್ಸೆಪ್ಟ್ ಆದ 2023ರ ವಿಷನ್ ನೊಯೆ ಕ್ಲಾಸೆ, 2024ರ ಅದರ ಎಸ್‌ಯುವಿ ರೂಪ, ಎರಡನ್ನೂ ನೋಡಿ ಈ ಸಲ ಎಷ್ಟೋ ಜನ ನಂಬಿದ್ರು, 2025ರ ಸೆಪ್ಟೆಂಬರಲ್ಲಿ ಬಂದ ಎಲೆಕ್ಟ್ರಿಕ್ ಎಸ್‌ಯುವಿ ಐಎಕ್ಸ್3 ಆ ಕಾನ್ಸೆಪ್ಟಿಗೆ ತುಂಬಾ ಹತ್ರಾನೇ ಇತ್ತು. ಮುಂದಿನ ಗಾಜಿನ ಕೆಳಭಾಗದಲ್ಲಿ ಈ ತುದಿಯಿಂದ ಆ ತುದಿವರೆಗೆ ಮಾಹಿತಿ ಮೂಡಿಸೋ ಪ್ಯಾನೊರಾಮಿಕ್ ಐಡ್ರೈವ್ ಇದೆ, ಈ ಟೆಕ್ನಾಲಜಿ 2027ರೊಳಗೆ 40 ಹೊಸ ಮತ್ತು ಅಪ್‌ಡೇಟೆಡ್ ಮಾಡೆಲ್‌ಗಳಿಗೆ ಹೋಗುತ್ತೆ ಅಂತ ಕಂಪನಿ ಹೇಳಿದೆ. ಅದರಲ್ಲಿ ಆ ದುಂಡನೆ ನಾಬು ಇಲ್ಲ. 2001ರಲ್ಲಿ ಅದು ಬಂತು ಅಂತ ಸಿಟ್ಟಾಗಿದ್ದ ನನ್ನ ಗೆಳೆಯ ಒಬ್ಬ ಮೊನ್ನೆ ಫೋನ್ ಮಾಡಿ, ರೋಡಿಂದ ಕಣ್ಣು ತೆಗೀದೆ ಬರೀ ಬೆರಳಲ್ಲೇ ಎಲ್ಲ ಮಾಡ್ತಿದ್ದೆ ಮಾರಾಯ, ಅದನ್ನ ಯಾಕೆ ತೆಗೆದ್ರು, 7 ಸೀರೀಸಲ್ಲಾದ್ರೂ ಬಿಡ್ತಾರಾ ಅಂತ ಕೇಳ್ದ.